ಜರಿಗಿಡದ ಗುರುತು, ಜರಿಗಿಡದ ಜಾಗ

ಜರಿಗಿಡ ಬೆಳೆಸುವವರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳು ಸಾಲಾಗಿ ಎದ್ದಿವೆ, ಯಾವ ಔಷಧ ಹೊಡೆಯಬೇಕು ಎಂದು ಕೇಳುತ್ತಾರೆ. ಕೆಲವರು ಕೇಳುವ ಮೊದಲೇ ಹೊಡೆದು ಮುಗಿಸಿರುತ್ತಾರೆ. ಆ ಚುಕ್ಕೆ ರೋಗವಲ್ಲ, ಹುಳುವಿನ ಮೊಟ್ಟೆಯೂ ಅಲ್ಲ. ಗಿಡ ಪ್ರಾಯಕ್ಕೆ ಬಂದಿದೆ, ಇದ್ದ ಜಾಗ ಅದಕ್ಕೆ ಒಗ್ಗಿದೆ ಎಂಬುದರ ಗುರುತು ಅದು. ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಅದರ ಸಂತಾನವೆಲ್ಲ ದೂಳಿನಷ್ಟು ಸಣ್ಣ ಬೀಜಕಣಗಳಿಂದ. ಆ ಕಣಗಳನ್ನು ತುಂಬಿಕೊಂಡ ಪುಟ್ಟ ಚೀಲಗಳು ಗುಂಪುಗೂಡಿ ಎಲೆಯ ಬೆನ್ನಿನಲ್ಲಿ ಕುಳಿತಿರುತ್ತವೆ. ಒಂದೊಂದು ಗುಂಪಿಗೆ ಸೋರಸ್ ಎಂದು ಹೆಸರು.

ಅನುಮಾನ ಬಂದರೆ ಹೀಗೆ ನೋಡಿ. ಚುಕ್ಕೆಗಳು ಪ್ರತಿ ಗರಿಯಲ್ಲೂ ಒಂದೇ ಜಾಗದಲ್ಲಿ, ನರಗಳಿಗೆ ಹೊಂದಿಕೊಂಡು ಕುಳಿತಿದ್ದರೆ ಅವು ಗಿಡದ್ದೇ. ಕೀಟಕ್ಕೆ ಆ ಅಚ್ಚುಕಟ್ಟು ಇರುವುದಿಲ್ಲ. ಶಲ್ಕಕೀಟ ತೊಟ್ಟಿನ ಮೇಲೆ, ನಡುನರದ ಮೇಲೆ, ಎಲೆಯ ಎರಡೂ ಬದಿಯಲ್ಲಿ ಸಿಕ್ಕಲ್ಲಿ ಅಂಟಿಕೊಳ್ಳುತ್ತದೆ. ಉಗುರು ಹಾಕಿದರೆ ಇಡಿಯಾಗಿ ಎದ್ದು ಬರುತ್ತದೆ. ಸೋರಸ್ಸನ್ನು ಕೆರೆದರೆ ಕಂದು ಪುಡಿ ಉದುರುತ್ತದೆ.

ಗುರುತಿಸುವುದು ಸಸ್ಯಶಾಸ್ತ್ರಜ್ಞರ ಕೆಲಸ, ಬೆಳೆಸುವುದು ತೋಟಗಾರರ ಕೆಲಸ ಎಂದು ನಾವು ಪಾಲು ಮಾಡಿಕೊಂಡಿದ್ದೇವೆ. ಜರಿಗಿಡದ ಮಟ್ಟಿಗೆ ಈ ಪಾಲು ನಡೆಯುವುದಿಲ್ಲ. ಗುರುತಿಗೆಂದು ನೀವು ಏನೇನು ನೋಡುತ್ತೀರೋ, ಅಂದರೆ ಕಾಂಡ ಹೇಗೆ ಹರಿದಿದೆ, ತೊಟ್ಟಿನ ಬುಡದಲ್ಲಿ ಏನಿದೆ, ಗಿಡ ಬಂಡೆಯ ಮೇಲಿತ್ತೋ ಮರದ ಮೇಲಿತ್ತೋ, ಅದೆಲ್ಲವೂ ನೆಡುವ ಆಳವನ್ನೂ ಮಣ್ಣನ್ನೂ ನೀರನ್ನೂ ಹೇಳಿಬಿಡುತ್ತದೆ. ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಆದರೆ ಹೆಸರಿಗಾಗಿ ನೋಡುವುದನ್ನು ನೋಡಲೇಬೇಕು.

ಮೊದಲು ಜರಿಗಿಡವಲ್ಲದವುಗಳನ್ನು ಬದಿಗಿಡೋಣ. ಆಸ್ಪರಾಗಸ್ ಫರ್ನ್ ಎಂದು ಮಾರುವ ನವಿರಾದ ಗಿಡ ಶತಾವರಿಯ ಬಳಗದ್ದು. ಅದು ಸಣ್ಣ ಹೂವು ಬಿಡುತ್ತದೆ, ಹಣ್ಣೂ ಬಿಡುತ್ತದೆ. ಹೂವು ಕಂಡಿತೆಂದರೆ ಅಲ್ಲಿಗೆ ವಾದ ಮುಗಿಯಿತು. ಸೆಲಾಜಿನೆಲ್ಲ ಕೂಡ ನೋಡಲು ಪುಟ್ಟ ಜರಿಯಂತೆಯೇ ಇದೆ. ಅದರ ಎಲೆಗಳು ಹುರುಪೆಯಷ್ಟು ಚಿಕ್ಕವು, ಪ್ರತಿ ಎಲೆಗೂ ಕವಲೊಡೆಯದ ಒಂದೇ ನರ. ಜರಿಗಿಡವಲ್ಲದಿದ್ದರೂ ಅದೇ ನೆರಳಿನಲ್ಲಿ ಚೆನ್ನಾಗಿ ಬರುತ್ತದೆ, ಹಾಗಾಗಿ ಅದರ ಮೇಲೆ ನನಗೆ ತಕರಾರಿಲ್ಲ. ಚಿಗುರು ಸುರುಳಿ ಸುತ್ತಿಕೊಂಡಿದ್ದರೆ ಜರಿಗಿಡ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಬಹುಪಾಲು ನಿಜ. ಆದರೆ ಜರಿಗಿಡವೇ ಅಲ್ಲದ ಸೈಕಸ್‌ನ ಎಳೆಯ ಗರಿಗಳೂ ಸುರುಳಿ ಸುತ್ತಿರುತ್ತವೆ. ಓಫಿಯೋಗ್ಲಾಸಂ ಎಂಬ ನಿಜವಾದ ಜರಿಗಿಡದ ಎಲೆ ಸುರುಳಿ ಸುತ್ತುವುದೇ ಇಲ್ಲ. ಸುರುಳಿಯೊಂದನ್ನೇ ನಂಬಿ ಕೂರಬೇಡಿ.

ಈಗ ಗಿಡದ ಮುಂದೆ ಕುಳಿತುಕೊಳ್ಳಿ. ನಿಂತು ನೋಡಿದರೆ ಹಸಿರು ಎಲೆ ಮಾತ್ರ ಕಾಣುತ್ತದೆ, ಮತ್ತು ಎಲೆಯ ಆಕಾರ ಜರಿಗಿಡದಲ್ಲಿ ಮಹಾ ಮೋಸಗಾರ. ಒಂದಕ್ಕೊಂದು ಸಂಬಂಧವೇ ಇಲ್ಲದ ಕುಲಗಳಲ್ಲಿ ಒಂದೇ ರೀತಿ ಸೀಳಿದ ಎಲೆಗಳಿವೆ. ಒಂದೇ ಗಿಡದಲ್ಲಿ ಮರಿ ಎಲೆ ಬೇರೆ, ಬೆಳೆದ ಎಲೆ ಬೇರೆ. ಬುಡದಿಂದ ಶುರು ಮಾಡಿ.

ಜರಿಗಿಡದ ಕಾಂಡ ಸಾಮಾನ್ಯವಾಗಿ ಮಣ್ಣಿನಲ್ಲಿ ಅಥವಾ ಮಣ್ಣಿಗೆ ಅಂಟಿಕೊಂಡು ಇರುತ್ತದೆ. ಅದನ್ನು ಗುಪ್ತಕಾಂಡ ಎನ್ನುತ್ತೇವೆ. ಡ್ರಯೋಪ್ಟೆರಿಸ್, ಪಾಲಿಸ್ಟೈಕಂ ಮುಂತಾದ ಜರಿಗಿಡದ ಕುಲಗಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ನೆಟ್ಟಗೆ. ಎಲೆಗಳೆಲ್ಲ ಒಂದು ನೆತ್ತಿಯಿಂದ ಸುತ್ತಲೂ ಹೊರಡುತ್ತವೆ. ಇಂಥ ಗಿಡದ ನೆತ್ತಿ ಮಣ್ಣಿನ ಮಟ್ಟಕ್ಕೆ ಅಥವಾ ಕೂದಲೆಳೆಯಷ್ಟು ಮೇಲಕ್ಕೆ ಇರಬೇಕು. ಹೂತರೆ ಕೊಳೆಯುತ್ತದೆ. ಹೊಸದಾಗಿ ನೆಟ್ಟ ಜರಿಗಿಡ ಸಾಯುವುದಕ್ಕೆ ನೀರಿನ ಕೊರತೆಗಿಂತ ಇದೇ ಹೆಚ್ಚು ಕಾರಣ ಎಂದು ನಾನು ಹೇಳುತ್ತೇನೆ. ಗಿಡ ಅಲುಗಾಡದಿರಲಿ ಎಂಬ ಪ್ರೀತಿಯಿಂದಲೇ ನೆತ್ತಿಯ ಮೇಲೆ ಮಣ್ಣು ಏರಿಸಿ ಒತ್ತುತ್ತೇವೆ.

ಡವಾಲಿಯದಲ್ಲಿ ಕಾಂಡ ಉದ್ದಕ್ಕೆ ಹರಿಯುತ್ತದೆ, ಮೈತುಂಬ ಹುರುಪೆ, ಮೇಲ್ಮೈಯಲ್ಲೇ ತೆವಳುತ್ತದೆ. ಅದು ಬಂಡೆ ಮತ್ತು ಮರವನ್ನು ಅಪ್ಪಿ ಬೆಳೆಯುವ ಗಿಡ. ಅದನ್ನು ಮಣ್ಣಿನೊಳಗೆ ಹೂಳಬಾರದು. ಒರಟು ತೊಗಟೆಯ ಮೇಲೆ ದಾರ ಕಟ್ಟಿ ಕೂರಿಸಬೇಕು, ಇಲ್ಲವೇ ಕುಂಡದ ಮೇಲ್ಮೈಗೆ ಬಾಗಿಸಿದ ತಂತಿಯಿಂದ ಒತ್ತಿ ಹಿಡಿಸಬೇಕು. ಇನ್ನು ಬ್ರ್ಯಾಕನ್ ಎಂಬ ಜರಿ ಇದೆ, ಟೆರಿಡಿಯಂ ಕುಲದ್ದು. ಅದರ ಕಾಂಡ ಮಣ್ಣಿನಲ್ಲಿ ಆಳಕ್ಕಿಳಿದು ದೂರ ದೂರಕ್ಕೆ ಹರಿಯುತ್ತದೆ, ಒಂದೊಂದು ಎಲೆ ಬಿಡಿಬಿಡಿಯಾಗಿ ನೆಲದಿಂದ ಏಳುತ್ತದೆ. ಅದು ಎಷ್ಟೇ ಸ್ಥಳೀಯವಾದರೂ ತೋಟಕ್ಕೆ ತರಬೇಡಿ. ತೆಗೆಯುವುದು ಕಷ್ಟ ಎಂಬುದು ಒಂದು ಕಾರಣ; ಅದರಲ್ಲಿ ಕ್ಯಾನ್ಸರ್ ತರಬಲ್ಲ ಟಕ್ವಿಲೋಸೈಡ್ ಎಂಬ ವಿಷವಿದೆ ಎಂಬುದು ಇನ್ನೂ ದೊಡ್ಡ ಕಾರಣ. ಮೇಯುವ ದನಗಳಿಗೆ ಅದು ಹಾನಿ ಮಾಡುವುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ.

ಮರದ ಮೇಲೆ ಬೆಳೆಯುವ ಡ್ರೈನೇರಿಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ಎರಡು ಬಗೆಯ ಎಲೆಗಳಿವೆ. ಒಂದು ಉದ್ದನೆಯ ಹಸಿರು ಎಲೆ, ಬೀಜಕಣ ಹೊರುವುದು ಇದೇ. ಇನ್ನೊಂದು ಬುಡದಲ್ಲಿ ಕಾಂಡಕ್ಕೆ ಒತ್ತಿಕೊಂಡ ಗಿಡ್ಡ ಎಲೆ. ಸ್ವಲ್ಪ ದಿನ ಹಸಿರಾಗಿದ್ದು ಆಮೇಲೆ ಕಂದಾಗಿ ಕಾಗದದಂತೆ ಗರಗರ ಒಣಗುತ್ತದೆ, ಆದರೆ ಉದುರುವುದಿಲ್ಲ. ಮೇಲಿಂದ ಬಿದ್ದ ಎಲೆ, ತೊಗಟೆಯ ಚೂರು, ದೂಳನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣೇ ಇಲ್ಲದ ಕಡೆ ಗಿಡ ತನಗೆ ಬೇಕಾದ ಮಣ್ಣನ್ನು ತಾನೇ ಮಾಡಿಕೊಳ್ಳುವ ರೀತಿ ಇದು. ತೋಟ ಚೊಕ್ಕಟವಾಗಿರಲಿ ಎಂದು ಈ ಕಂದು ಎಲೆಗಳನ್ನು ಕಿತ್ತರೆ ಗಿಡದ ಅನ್ನದ ಬಟ್ಟಲನ್ನೇ ಕಿತ್ತಂತೆ. ಆಸ್ಪ್ಲೀನಿಯಂ ನೈಡಸ್, ಅಂದರೆ ಹಕ್ಕಿಗೂಡಿನ ಜರಿ, ಇದೇ ಕೆಲಸವನ್ನು ಎಲೆಗಳ ಸುತ್ತಿನ ನಡುವೆ ಮಾಡುತ್ತದೆ. ಅದರ ನಡುವೆ ಬಿದ್ದ ತರಗನ್ನೂ ತೆಗೆಯಬೇಕಾಗಿಲ್ಲ.

ಬುಡದಲ್ಲಿ ಇನ್ನೆರಡು ಸಂಗತಿ ನೋಡಿ. ಎಳೆಯ ತೊಟ್ಟಿನ ಮೇಲಿರುವುದು ಚಪ್ಪಟೆಯ ಹುರುಪೆಯೋ, ಸಣ್ಣ ಕೂದಲೋ? ಕ್ರಿಸ್ಟೆಲ್ಲದಂಥವುಗಳಲ್ಲಿ ಎಲೆಯ ಮೈಮೇಲೆ ಸೂಜಿಮೊನೆಯ ಪಾರದರ್ಶಕ ಕೂದಲುಗಳಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳೆಯುತ್ತವೆ. ಆಸ್ಪ್ಲೀನಿಯಂನ ಹುರುಪೆಯೊಂದನ್ನು ಕಿತ್ತು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಬೆಳಕಿಗೆದುರಾಗಿ ನೋಡಿ. ಜೀವಕೋಶಗಳ ಗೋಡೆ ಕಪ್ಪು, ಒಳಭಾಗ ತಿಳಿ. ಇಡೀ ಹುರುಪೆ ಜಾಲರಿಯಾಗಿ ಕಾಣುತ್ತದೆ. ಒಮ್ಮೆ ಕಂಡರೆ ಆ ಕುಲ ಮತ್ತೆ ಮರೆಯುವುದಿಲ್ಲ.

ಎರಡನೆಯದು, ಹಳೆಯ ಎಲೆಯೊಂದರ ತೊಟ್ಟನ್ನು ಬುಡದ ಹತ್ತಿರ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ. ನೀರು ಸಾಗಿಸುವ ನಾಳಗಳ ಕಟ್ಟುಗಳು ಚುಕ್ಕೆಗಳಾಗಿ ಕಾಣುತ್ತವೆ. ಡ್ರಯೋಪ್ಟೆರಿಸ್‌ನಲ್ಲಿ ಅವು ಹಲವು, ಬಿಲ್ಲಿನಾಕಾರದಲ್ಲಿ ಸಾಲಾಗಿರುತ್ತವೆ. ಅತೈರಿಯಂನಲ್ಲಿ ಎರಡೇ, ಮೇಲಕ್ಕೆ ಹೋದಂತೆ ಅವೆರಡೂ ಕೂಡಿ ಒಂದಾಗುತ್ತವೆ. ಹೊರನೋಟಕ್ಕೆ ಈ ಎರಡು ಕುಲಗಳನ್ನು ಅದಲುಬದಲು ಮಾಡುವವರು ಬಹಳ. ಒಂದು ತೊಟ್ಟು ಕತ್ತರಿಸಿದರೆ ಗೊಂದಲ ಮುಗಿಯುತ್ತದೆ, ಗಿಡಕ್ಕೆ ನಷ್ಟವೂ ಇಲ್ಲ.

ಇನ್ನು ಎಲೆಯನ್ನು ತಿರುಗಿಸಿ. ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು.

ಹಂಸಪಾದಿಯ ಕುಲವಾದ ಅಡಿಯಾಂಟಂನಲ್ಲಿ ಎಲೆಯ ಅಂಚೇ ತುಂಡುತುಂಡಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ, ಬೀಜಕಣದ ಚೀಲಗಳು ಆ ಮಡಿಕೆಯ ಒಳಮೈಗೇ ಅಂಟಿರುತ್ತವೆ. ಮಡಿಕೆಯನ್ನು ಸೂಜಿಯಿಂದ ಬಿಡಿಸಿದರೆ ಮುಚ್ಚಳದ ಒಳಬದಿಯಲ್ಲಿ ಚೀಲಗಳು ಕಾಣುತ್ತವೆ, ಎಲೆಯ ಮೇಲೆ ಅಲ್ಲ. ಪ್ಟೆರಿಸ್‌ನಲ್ಲಿಯೂ ಅಂಚು ಮಡಚುತ್ತದೆ, ಆದರೆ ತುಂಡಾಗದೆ ಉದ್ದಕ್ಕೆ ಒಂದೇ ಗೆರೆಯಾಗಿ. ಆಸ್ಪ್ಲೀನಿಯಂನಲ್ಲಿ ನಡುನರದಿಂದ ಓರೆಯಾಗಿ ಹೊರಡುವ ಗೆರೆಗಳು. ಬ್ಲೆಕ್ನಂನಲ್ಲಿ ನಡುನರದ ಎರಡೂ ಪಕ್ಕ ಅದಕ್ಕೆ ಒತ್ತಿಕೊಂಡು ಎರಡು ಉದ್ದ ಗೆರೆಗಳು. ಪಾಲಿಪೋಡಿಯಂ ಬಳಗದಲ್ಲಿ ದುಂಡು ಚುಕ್ಕೆ, ಮೇಲೆ ಯಾವ ಹೊದಿಕೆಯೂ ಇಲ್ಲ. ಡ್ರಯೋಪ್ಟೆರಿಸ್‌ನಲ್ಲಿ ದುಂಡು ಚುಕ್ಕೆಯ ಮೇಲೆ ಮೂತ್ರಪಿಂಡದಾಕಾರದ ತೆಳು ಪೊರೆ. ಪಾಲಿಸ್ಟೈಕಂನಲ್ಲಿ ಪೊರೆ ನಡುವಿನ ಒಂದೇ ಬಿಂದುವಿನಲ್ಲಿ ಅಂಟಿ ಕೊಡೆಯಂತೆ ಬಿಚ್ಚಿಕೊಂಡಿರುತ್ತದೆ. ಈ ಪೊರೆಗೆ ಇಂಡ್ಯೂಸಿಯಂ ಎನ್ನುತ್ತಾರೆ. ಬೀಜಕಣ ಬಲಿತ ಮೇಲೆ ಅದು ಮುದುಡಿ ಉದುರಿಹೋಗುವುದುಂಟು. ಆದ್ದರಿಂದ ಬಲಿತ ಎಲೆಯೊಂದನ್ನೇ ನೋಡಿ ಹೊದಿಕೆ ಇಲ್ಲ ಎಂದು ತೀರ್ಮಾನಿಸಬೇಡಿ; ಪಕ್ಕದ ಎಳೆಯ ಎಲೆಯನ್ನೂ ತಿರುಗಿಸಿ.

ಕೆಲವು ಜರಿಗಿಡಗಳಲ್ಲಿ ಹಸಿರೆಲೆಯ ಬೆನ್ನಿನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಮಟ್ಯೂಸಿಯ ಎಂಬ ಉಷ್ಟ್ರಪಕ್ಷಿ ಜರಿಯಲ್ಲಿ ಬೀಜಕಣ ಹೊರುವುದಕ್ಕೆಂದೇ ಗಿಡದ ನಡುವಿನಿಂದ ಬೇರೆ ಎಲೆಗಳು ಏಳುತ್ತವೆ, ಗಿಡ್ಡ, ಬಿರುಸು, ಕಂದು. ಅವನ್ನು ಒಣಗಿದವು ಎಂದು ಕತ್ತರಿಸಿ ಹಾಕುವವರಿದ್ದಾರೆ.

ಚೀಲದ ವಿಷಯ ಬಂದದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಬಲಿತ ಸೋರಸ್ಸಿರುವ ಗರಿಯನ್ನು ಬೆಚ್ಚಗಿನ ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿ. ಪ್ರತಿ ಚೀಲದ ಬೆನ್ನಿನ ಮೇಲೆ ದಪ್ಪ ಗೋಡೆಯ ಜೀವಕೋಶಗಳ ಒಂದು ಪಟ್ಟಿ ಇದೆ, ಆನ್ಯುಲಸ್ ಎಂದು ಅದರ ಹೆಸರು. ಆ ಜೀವಕೋಶಗಳಲ್ಲಿ ನೀರು ತುಂಬಿರುತ್ತದೆ. ನೀರು ಆರುತ್ತ ಹೋದಂತೆ ಪಟ್ಟಿ ಹಿಂದಕ್ಕೆ ಬಾಗಿ ಚೀಲವನ್ನು ಹರಿಯುತ್ತದೆ, ಪೂರ್ತಿ ಹಿಂದಕ್ಕೆ ಎಳೆದುಕೊಂಡು ನಿಲ್ಲುತ್ತದೆ. ಜೀವಕೋಶಗಳೊಳಗಿನ ನೀರಿನ ಬಿಗಿ ತಾಳಲಾರದ ಹಂತಕ್ಕೆ ಬಂದಾಗ ಅಲ್ಲಿ ಗುಳ್ಳೆಯೊಡೆಯುತ್ತದೆ. ಪಟ್ಟಿ ಫಟ್ಟನೆ ಮುಂದಕ್ಕೆ ಹಾರಿ ಬೀಜಕಣಗಳನ್ನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಎಸೆಯುತ್ತದೆ. ಸ್ನಾಯುವಿಲ್ಲ, ಸ್ಪ್ರಿಂಗಿಲ್ಲ, ನೀರು ಆವಿಯಾಗುವುದೇ ಇದರ ಯಂತ್ರ. ಬೀಜಕಣ ಬಿಡುವ ಕಾಲದಲ್ಲಿ ಎಲೆಯ ಮೇಲೆ ಸದಾ ನೀರು ಚಿಮುಕಿಸುತ್ತಿರಬಾರದು ಎಂಬ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಚೀಲ ಒಣಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಮೊಬೈಲಿನಲ್ಲಿ ಚಿತ್ರ ತೆಗೆದು ಹೆಸರು ಕೇಳುವ ಅಭ್ಯಾಸ ಈಗ ಎಲ್ಲರಿಗೂ ಇದೆ. ಬೇಡವೆನ್ನುವುದಿಲ್ಲ. ಎಲೆಯ ಮೇಲ್ಮೈಯದೊಂದೇ ಚಿತ್ರ ಕೊಟ್ಟರೆ ಯಂತ್ರವೂ ಅಷ್ಟೇ, ತಜ್ಞರೂ ಅಷ್ಟೇ, ಊಹಿಸುತ್ತಾರೆ. ಇಡೀ ಗಿಡ, ಬುಡದ ಹುರುಪೆ, ಎಲೆಯ ಬೆನ್ನು, ಗಿಡ ನಿಂತ ಜಾಗ, ಈ ನಾಲ್ಕೂ ಇರಲಿ. ಅದಾದ ಮೇಲೂ ಕೆಲವು ಗಿಡಗಳು ಯಾವ ವಿವರಣೆಗೂ ಒಗ್ಗುವುದಿಲ್ಲ. ಜರಿಗಿಡಗಳಲ್ಲಿ ಅಡ್ಡತಳಿಗಳು ಸಾಮಾನ್ಯ. ಸೂಕ್ಷ್ಮದರ್ಶಕದಲ್ಲಿ ಬೀಜಕಣಗಳು ಒಂದೊಂದು ಒಂದೊಂದು ಗಾತ್ರದಲ್ಲಿ, ಸೊಟ್ಟಗೆ, ಮುದುಡಿಕೊಂಡು ಕಂಡರೆ ಅಡ್ಡತಳಿಯ ಅನುಮಾನ ಪಡಬಹುದು. ಕುಲದವರೆಗೆ ಗುರುತಿಸಿ ನಿಲ್ಲಿಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಸ್ಥಳೀಯ ಜರಿಗಿಡ ಎಂದು ಬಾಯಿತುಂಬ ಹೇಳುತ್ತೇವೆ. ಸ್ಥಳೀಯತೆ ಗಿಡದ ಮೈಯಲ್ಲಿರುವ ಗುಣವಲ್ಲ, ಗಿಡಕ್ಕೂ ಜಾಗಕ್ಕೂ ಇರುವ ಸಂಬಂಧ. ಲೈಗೋಡಿಯಂ ಮೈಕ್ರೋಫಿಲಂ ಎಂಬ ಹಬ್ಬುವ ಜರಿ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದ ಬೆಚ್ಚಗಿನ ಭಾಗಗಳಲ್ಲಿ ತನ್ನ ಪಾಡಿಗೆ ತಾನಿರುವ ಗಿಡ. ಫ್ಲೋರಿಡಾಕ್ಕೆ ಹೋಗಿ ಮರಗಳನ್ನೇ ಮುಚ್ಚಿಬಿಟ್ಟಿತು. ಆಸ್ಟ್ರೇಲಿಯಾದ ಮರಜರಿ ಸಯಾಥಿಯ ಕೂಪರಿ ಹವಾಯಿಯ ಕಾಡಿಗೆ ನುಗ್ಗಿ ಅಲ್ಲಿನ ಮರಜರಿಗಳ ಜಾಗ ಹಿಡಿಯಿತು. ಬೀಜಕಣ ಗಾಳಿಯಲ್ಲಿ ಬಹುದೂರ ಹೋಗುತ್ತದೆ, ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ.

ಗುರುತಿಸುವಿಕೆ ಎಷ್ಟು ಮುಖ್ಯ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆಯೂ ಫ್ಲೋರಿಡಾದ್ದೇ. ಅಲ್ಲಿ ನೆಫ್ರೋಲೆಪಿಸ್ ಎಕ್ಸಾಲ್ಟೇಟ ಸ್ಥಳೀಯ, ಬಾಸ್ಟನ್ ಫರ್ನ್ ಬಂದದ್ದು ಅದರಿಂದ. ನೆಫ್ರೋಲೆಪಿಸ್ ಕಾರ್ಡಿಫೋಲಿಯ ಹೊರಗಿನಿಂದ ಬಂದು ಹಬ್ಬಿದ ಕಳೆ. ಎರಡೂ ಕತ್ತಿಯಂತೆ ಉದ್ದ, ಎರಡಕ್ಕೂ ಸಾಲುಗರಿ. ಕಳೆಯನ್ನೇ ಸ್ಥಳೀಯವೆಂದು ಕೊಂಡು ನೆಟ್ಟವರಿದ್ದಾರೆ. ವ್ಯತ್ಯಾಸ ಎಲ್ಲಿದೆ? ಕಾರ್ಡಿಫೋಲಿಯದ ಎಲೆದಂಡಿನ ಮೇಲಿನ ಹುರುಪೆಗಳು ಎರಡು ಬಣ್ಣದವು, ಅಂಟಿಕೊಂಡ ಜಾಗದಲ್ಲಿ ಗಾಢ, ಉಳಿದದ್ದು ತಿಳಿ. ಎಕ್ಸಾಲ್ಟೇಟದ ಹುರುಪೆ ಒಂದೇ ಬಣ್ಣದ್ದು. ಬೇರಿನ ನಡುವೆ ಗೋಲಿಯಂಥ ಗಡ್ಡೆಗಳು ಸಿಕ್ಕರೆ ಅದು ಕಾರ್ಡಿಫೋಲಿಯವೇ. ಸಿಗದಿದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಎಲ್ಲ ಗಿಡಗಳಲ್ಲೂ ಗಡ್ಡೆ ಬರುವುದಿಲ್ಲ. ಕಣ್ಣಿಗೆ ಕಂಡೂ ಕಾಣದಂಥ ಒಂದು ಹುರುಪೆಯಿಂದ ತೋಟಕ್ಕೆ ಬಂದದ್ದು ನೆಂಟನೋ ದಾಳಿಕೋರನೋ ಎಂಬುದು ತೀರ್ಮಾನವಾಗುತ್ತದೆ. ನಿಮ್ಮ ಪ್ರದೇಶದ ಸಸ್ಯಸಂಪತ್ತಿನ ಪಟ್ಟಿ ಯಾವುದಾದರೂ ಸಸ್ಯಾಗಾರದಲ್ಲಿಯೋ ವಿಶ್ವವಿದ್ಯಾಲಯದಲ್ಲಿಯೋ ಇದ್ದೇ ಇರುತ್ತದೆ. ಗಿಡ ಕಾಡಿನಲ್ಲಿ ಕಂಡಿತು, ಹಳೆಯ ಗೋಡೆಯಲ್ಲಿ ಕಂಡಿತು ಎಂಬುದು ಸ್ಥಳೀಯ ಎನ್ನಲು ಸಾಕಾಗುವುದಿಲ್ಲ.

ನೆರಳಿಗೆ ಬರುತ್ತೇನೆ. ಜರಿಗಿಡಗಳು ಡೈನೋಸಾರ್‌ಗಳಿಗಿಂತ ಹಳೆಯವು ಎಂದು ಎಲ್ಲ ಕಡೆ ಓದಿರುತ್ತೀರಿ. ವಂಶ ಹಳೆಯದು, ನಿಜ. ಆದರೆ ಇಂದು ಇರುವ ಹತ್ತು ಸಾವಿರಕ್ಕೂ ಮಿಕ್ಕಿದ ಜಾತಿಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಹೂಬಿಡುವ ಮರಗಳು ಕಾಡು ಕಟ್ಟಿದ ಮೇಲೆ, ಆ ಮರಗಳ ನೆರಳಿನಲ್ಲಿ. 2004ರಲ್ಲಿ ಪಳೆಯುಳಿಕೆ ಮತ್ತು ಡಿಎನ್‌ಎ ಎರಡನ್ನೂ ಜೋಡಿಸಿ ಮಾಡಿದ ಅಧ್ಯಯನ ಇದನ್ನು ತೋರಿಸಿತು. 2014ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಮಂದ ಬೆಳಕನ್ನು ಹಿಡಿಯಲು ಜರಿಗಿಡಗಳಿಗೆ ನೆರವಾಗುವ ನಿಯೋಕ್ರೋಮ್ ಎಂಬ ಬೆಳಕುಗ್ರಾಹಿಯ ಜೀನ್ ಅವುಗಳ ಸ್ವಂತದ್ದಲ್ಲ. ಹಾವಸೆಯ ನೆಂಟನಾದ ಹಾರ್ನ್‌ವರ್ಟ್ ಎಂಬ ಪುಟ್ಟ ಸಸ್ಯದಿಂದ ಯಾವುದೋ ಕಾಲದಲ್ಲಿ ದಾಟಿ ಬಂದದ್ದು. ನೆರಳಿನಲ್ಲಿ ಬಾಳುವುದಕ್ಕೆ ಎರವಲು ಪಡೆದ ಕಣ್ಣು.

ಹೀಗೆಂದು ಕತ್ತಲ ಮೂಲೆಗೆ ಜರಿಗಿಡ ಇಟ್ಟರೆ ಆಗುತ್ತದೆ ಎಂದುಕೊಳ್ಳಬೇಡಿ. ಕಾಡಿನ ನೆರಳು ಅಲುಗಾಡುವ ನೆರಳು. ಎಲೆಗಳ ಸಂದಿನಿಂದ ಬಿಸಿಲಿನ ತುಣುಕುಗಳು ಇಡೀ ದಿನ ಓಡಾಡುತ್ತಿರುತ್ತವೆ. ಗಿಡ ಇಡಬೇಕಾದ ಜಾಗದಲ್ಲಿ ನಡುಹಗಲು ಬಿಳಿಯ ಹಾಳೆಯ ಮೇಲೆ ಕೈಯನ್ನು ಗೇಣು ಎತ್ತರಕ್ಕೆ ಹಿಡಿಯಿರಿ. ಅಂಚು ಮಸುಕಾದ ನೆರಳು ಬಿದ್ದರೆ ಬಹುತೇಕ ಜರಿಗಿಡಗಳಿಗೆ ಅದು ಸಾಕು. ಅಂಚು ಖಡಕ್ಕಾಗಿ ಬಿದ್ದರೆ ಬಿಸಿಲು ಹೆಚ್ಚು. ನೆರಳೇ ಕಾಣದಿದ್ದರೆ ಬೆಳಕು ಕಡಿಮೆ. ಆಮೇಲೆ ಗಿಡವೇ ಹೇಳುತ್ತದೆ: ಬೆಳಕು ಹೆಚ್ಚಾದರೆ ಎಲೆ ಗಿಡ್ಡ, ಬಣ್ಣ ಹಳದಿಗೆ ತಿರುಗುತ್ತದೆ, ತುದಿ ಸುಡುತ್ತದೆ. ಕಡಿಮೆಯಾದರೆ ಎಲೆ ಉದ್ದಕ್ಕೆ ಸೋತು ಬಾಗುತ್ತದೆ, ಹೊಸ ಎಲೆ ವಿರಳವಾಗುತ್ತದೆ, ಬೆನ್ನಿನ ಮೇಲೆ ಸೋರಸ್ ಕಟ್ಟುವುದು ನಿಂತೇ ಹೋಗಬಹುದು.

ನೆರಳುಗಳಲ್ಲಿ ಅತಿ ಕಷ್ಟದ್ದು ಒಣ ನೆರಳು. ದಟ್ಟ ಮರದ ಬುಡದಲ್ಲಿ ಮಳೆಯೂ ಸರಿಯಾಗಿ ಬೀಳುವುದಿಲ್ಲ, ಬಿದ್ದದ್ದನ್ನು ಮರದ ಬೇರು ಕುಡಿದುಬಿಡುತ್ತದೆ. ಅಂಥ ಕಡೆ ಮರದ ಬುಡ ಬಿಟ್ಟು ಕೊಂಬೆಗಳ ಹೊರ ಅಂಚಿನ ಕೆಳಗೆ ನೆಡಿ, ಅಥವಾ ಅಪ್ಪುಗಿಡವಾದ ಜರಿಗಳನ್ನು ಮರದ ಮೇಲೆಯೇ ಕೂರಿಸಿ. ಬೇರುಗಳ ಮೇಲೆ ಒಂದಡಿ ಮಣ್ಣು ಹೊರಿಸಿ ಪಾತಿ ಮಾಡುವವರನ್ನು ಕಂಡಿದ್ದೇನೆ. ಮರಕ್ಕೂ ಕೆಡುಕು, ಜರಿಗೂ ಕೆಡುಕು.

ಮಣ್ಣಿನ ಬಗ್ಗೆ ಬಹಳ ಹೇಳುವುದಿಲ್ಲ. ತೇವವೂ ಬೇಕು, ಗಾಳಿಯೂ ಬೇಕು. ಚೆನ್ನಾಗಿ ಕೊಳೆತ ಎಲೆಗೊಬ್ಬರ, ದಪ್ಪ ಮರಳು, ತೋಟದ ಮಣ್ಣು ಸೇರಿದರೆ ನೆಲದ ಮೇಲಿನ ಹೆಚ್ಚಿನ ಜರಿಗಿಡಗಳಿಗೆ ಸಾಕು. ರಾಸಾಯನಿಕ ಗೊಬ್ಬರ ಹಾಕಲೇಬೇಕೆಂದರೆ ಪೊಟ್ಟಣದ ಮೇಲೆ ಬರೆದ ಪ್ರಮಾಣದ ಕಾಲುಭಾಗ, ಅದೂ ಹೊಸ ಎಲೆ ಬರುವ ಕಾಲದಲ್ಲಿ. ಆದರೆ ಹುಳಿ ಮಣ್ಣೋ ಸುಣ್ಣದ ಮಣ್ಣೋ ಎಂಬ ಒಂದು ವಿಚಾರದಲ್ಲಿ ಮಾತ್ರ ಗಿಡ ಎಲ್ಲಿ ನಿಂತಿತ್ತು ಎಂಬ ನಿಮ್ಮ ಟಿಪ್ಪಣಿ ಬೇಕೇಬೇಕು. ಪ್ಟೆರಿಸ್ ವಿಟ್ಟೇಟ ಹಳೆಯ ಗೋಡೆಯ ಗಾರೆಯಲ್ಲಿ ಹುಟ್ಟುತ್ತದೆ, ಅದಕ್ಕೆ ಸುಣ್ಣ ಬೇಕು. ಅಡಿಯಾಂಟಂ ಕ್ಯಾಪಿಲ್ಲಸ್-ವೆನೆರಿಸ್ ನೀರು ಜಿನುಗುವ ಸುಣ್ಣಕಲ್ಲಿನ ಮೇಲೆ ನಲಿಯುತ್ತದೆ. ಬ್ಲೆಕ್ನಂ, ಆಸ್ಮಂಡ ಜಾತಿಗಳಲ್ಲಿ ಹಲವು ಹುಳಿ ಮಣ್ಣಿನವು. ಸುಣ್ಣ ಹಾಕಿದರೆ ಹಳದಿಯಾಗಿ ಕುಳಿತುಬಿಡುತ್ತವೆ. ಅಂದಹಾಗೆ ಆ ಪ್ಟೆರಿಸ್ ವಿಟ್ಟೇಟ ಮಣ್ಣಿನಲ್ಲಿರುವ ಆರ್ಸೆನಿಕ್ ವಿಷವನ್ನು ಹೀರಿ ತನ್ನ ಎಲೆಗಳಲ್ಲಿ ತುಂಬಿಕೊಳ್ಳುತ್ತದೆ ಎಂದು 2001ರಲ್ಲಿ ಪ್ರಕಟವಾಯಿತು. ಕೆಟ್ಟ ನೆಲ ಶುದ್ಧಿ ಮಾಡಲು ಅದನ್ನು ಬಳಸುವ ಪ್ರಯತ್ನಗಳು ನಡೆದಿವೆ. ವಿಷವಿರಬಹುದಾದ ಜಾಗದಲ್ಲಿ ಬೆಳೆದ ಅದರ ಎಲೆಯನ್ನು ಗೊಬ್ಬರಕ್ಕೆ ಹಾಕಬೇಡಿ.

ನೀರನ್ನು ನೆತ್ತಿಗಲ್ಲ, ಸುತ್ತಲಿನ ಮಣ್ಣಿಗೆ ಕೊಡಿ. ಮಣ್ಣಿನ ಮೇಲೆ ತರಗೆಲೆ ಹೊದಿಸಿ, ನೆತ್ತಿಯನ್ನು ಬಿಟ್ಟು. ಅಡಿಯಾಂಟಂ ಒಮ್ಮೆ ಪೂರ್ತಿ ಒಣಗಿತೆಂದರೆ ಆ ಎಲೆಗಳು ಮತ್ತೆ ಏಳುವುದಿಲ್ಲ. ಆದರೆ ಗಿಡ ಸತ್ತಿತೆಂದು ಎಸೆಯಬೇಡಿ. ಎಲೆಗಳನ್ನು ಬುಡಕ್ಕೆ ಕತ್ತರಿಸಿ ಮಣ್ಣನ್ನು ತೇವವಾಗಿಟ್ಟರೆ ಕಾಂಡದಿಂದ ಹೊಸ ಸುರುಳಿ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಗಾಳಿಯ ತೇವದ ಮಾತು ಬಂದಾಗ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ನೆನಪಾಗುತ್ತಾನೆ. ಅವನ ಮನೆಯ ಸುತ್ತ ಕಲ್ಲಿದ್ದಲ ಹೊಗೆ, ಜರಿಗಿಡ ಏನು ಮಾಡಿದರೂ ಉಳಿಯುತ್ತಿರಲಿಲ್ಲ. 1829ರ ಹೊತ್ತಿಗೆ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಗಾಜಿನ ಶೀಷೆಯಲ್ಲಿ ಮುಚ್ಚಿಟ್ಟಿದ್ದ. ಅದರೊಳಗೆ ತಾನಾಗಿಯೇ ಒಂದು ಜರಿಗಿಡ ಹುಟ್ಟಿ ಬೆಳೆಯಿತು. ಅಲ್ಲಿಂದ ಮುಚ್ಚಿದ ಗಾಜಿನ ಪೆಟ್ಟಿಗೆಗಳು ಬಂದವು, ಹಡಗಿನಲ್ಲಿ ಗಿಡಗಳು ಜೀವಂತವಾಗಿ ಖಂಡ ದಾಟಲಾರಂಭಿಸಿದವು. ನಿಮ್ಮಲ್ಲಿ ಗಾಳಿ ಒಣದಾಗಿದ್ದರೆ ಸಣ್ಣ ಜರಿಗಳಿಗೆ ಇಂದಿಗೂ ಅದೇ ಉಪಾಯ.

ಆದರೆ ಆ ಪೆಟ್ಟಿಗೆಯಿಂದ ಕೆಡುಕೂ ಆಯಿತು. ಬ್ರಿಟನ್ನಿನಲ್ಲಿ ಮನೆಮನೆಗೂ ಜರಿಗಿಡದ ಹುಚ್ಚು ಹಿಡಿಯಿತು. ಲೇಖಕ ಚಾರ್ಲ್ಸ್ ಕಿಂಗ್ಸ್ಲಿ 1855ರಲ್ಲಿ ಅದಕ್ಕೆ ಟೆರಿಡೋಮೇನಿಯ ಎಂದೇ ಹೆಸರಿಟ್ಟ. ಅಪರೂಪದ ಜರಿಗಳನ್ನು ಬಂಡೆಯಿಂದ ಕಿತ್ತು ಮಾರುವುದೇ ವ್ಯಾಪಾರವಾಯಿತು. ಕಿಲ್ಲಾರ್ನಿ ಜರಿ, ವುಡ್ಸಿಯ ಜಾತಿಗಳು ಆ ಹೊಡೆತದಿಂದ ಅಲ್ಲಿ ಇಂದಿಗೂ ಚೇತರಿಸಿಕೊಂಡಿಲ್ಲ. ಸ್ಥಳೀಯ ಗಿಡದ ಮೇಲಿನ ಪ್ರೀತಿ ಎಂದು ಕಾಡಿನಿಂದ ಬುಡಸಮೇತ ಕಿತ್ತು ತರುವುದು ಇದೇ ಕತೆಯ ಮುಂದುವರಿಕೆ. ಕಿತ್ತು ತಂದದ್ದು ಬದುಕುವುದೂ ಅನುಮಾನ; ಓಫಿಯೋಗ್ಲಾಸಂನಂಥವು ಮಣ್ಣಿನೊಳಗಿನ ಶಿಲೀಂಧ್ರವನ್ನು ನಂಬಿ ಬದುಕುತ್ತವೆ. ಸಯಾಥಿಯದಂಥ ಮರಜರಿಗಳ ಅಂತರರಾಷ್ಟ್ರೀಯ ವ್ಯಾಪಾರ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಡಿ ಬರುತ್ತದೆ. ಅವುಗಳ ಕಾಂಡದ ನಾರನ್ನು ಆರ್ಕಿಡ್ ಬೆಳೆಸಲು ಕೊಳ್ಳುವವರು ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕು. ನನ್ನನ್ನು ಕೇಳಿದರೆ, ಕೊಳ್ಳುವುದೇ ಬೇಡ.

ಹೊಸ ಗಿಡ ಎಬ್ಬಿಸಲು ಬೀಜಕಣವಿರುವ ಒಂದು ಗರಿ ಸಾಕು, ಗಿಡವನ್ನು ಕೀಳಬೇಕಾಗಿಲ್ಲ. ಜರಿಗಿಡ ಹೇಗೆ ಹುಟ್ಟುತ್ತದೆ ಎಂಬುದೇ ಬಹುಕಾಲ ಒಗಟಾಗಿತ್ತು. ಯಾರ ಕಣ್ಣಿಗೂ ಬೀಳದ ಅದರ ಬೀಜ ಸಿಕ್ಕಿದರೆ ಮನುಷ್ಯನೂ ಅದೃಶ್ಯನಾಗಬಹುದು ಎಂಬ ನಂಬಿಕೆ ಯುರೋಪಿನಲ್ಲಿತ್ತು. ಜಾನ್ ಲಿಂಡ್ಸೆ ಎಂಬ ವೈದ್ಯ ಜಮೈಕಾದಲ್ಲಿ ಎಲೆಯ ಬೆನ್ನಿನ ಆ ದೂಳನ್ನು ಬಿತ್ತಿ ಗಿಡ ಎಬ್ಬಿಸಿದ ವಿವರ 1794ರಲ್ಲಿ ಅಚ್ಚಾಯಿತು. ನಡುವಿನ ಹಂತದಲ್ಲಿ ನಡೆಯುವ ಗಂಡು-ಹೆಣ್ಣಿನ ಕೂಟವನ್ನು ಸಸ್ಯಶಾಸ್ತ್ರಜ್ಞ ಲೆಸ್ಚಿಟ್ಸ್-ಸುಮಿನ್ಸ್ಕಿ 1848ರಲ್ಲಿ ಕಂಡುಹಿಡಿದ. ಈಗ ನೀವು ಮನೆಯಲ್ಲೇ ನೋಡಬಹುದು.

ಸೋರಸ್ಸುಗಳು ಹಸಿರು ಕಳೆದು ಗಾಢ ಕಂದಾಗಿ, ಇನ್ನೂ ಹರಿಯದಿರುವಾಗ ಗರಿಯನ್ನು ಕತ್ತರಿಸಿ ನುಣುಪಾದ ಬಿಳಿಯ ಕಾಗದದ ನಡುವೆ ಗಾಳಿಯಾಡದ ಕಡೆ ಇಡಿ. ಒಂದೆರಡು ದಿನದಲ್ಲಿ ಕಾಗದದ ಮೇಲೆ ಪುಡಿ ಬಿದ್ದಿರುತ್ತದೆ. ಅದರಲ್ಲಿ ಕಣವೂ ಇದೆ, ಒಡೆದ ಚೀಲಗಳ ಹೊಟ್ಟೂ ಇದೆ. ಕಾಗದವನ್ನು ಮೆಲ್ಲಗೆ ಓರೆ ಮಾಡಿ ತಟ್ಟಿದರೆ ಹೊಟ್ಟು ಬೇಗ ಜಾರಿ ಹೋಗುತ್ತದೆ, ಕಣ ಕಾಗದಕ್ಕೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಹೊಟ್ಟಿನ ಜೊತೆ ಬಿತ್ತಿದರೆ ಬೂಷ್ಟು ಬರುವುದು ಖಂಡಿತ. ಆಸ್ಮಂಡದಂಥವುಗಳ ಬೀಜಕಣ ಹಸಿರು. ಅವು ಕೆಲವೇ ದಿನ ಅಥವಾ ವಾರ ಜೀವ ಹಿಡಿದಿರುತ್ತವೆ, ತಕ್ಷಣ ಬಿತ್ತಬೇಕು. ಕಂದು ಕಣಗಳನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸಿ ತಂಪಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಬಿತ್ತುವ ಮಿಶ್ರಣದ ಮೇಲೆ ಕುದಿಯುವ ನೀರು ಸುರಿದು ಮುಚ್ಚಿಟ್ಟು ಆರಲು ಬಿಡಿ. ಕಣಗಳನ್ನು ತೆಳ್ಳಗೆ, ಬಹಳ ತೆಳ್ಳಗೆ, ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ, ಹೆಚ್ಚಿನವು ಮೊಳೆಯಲು ಬೆಳಕು ಬೇಕು. ಪಾರದರ್ಶಕ ಮುಚ್ಚಳ ಹಾಕಿ ನೇರ ಬಿಸಿಲು ತಾಗದ ಬೆಳಕಿನಲ್ಲಿಡಿ. ಕೆಲವು ವಾರಗಳಲ್ಲಿ ಮಣ್ಣಿನ ಮೇಲೆ ಹಸಿರು ಪೊರೆ, ಆಮೇಲೆ ಹೃದಯದಾಕಾರದ ತೆಳು ಹಾಳೆಗಳು. ಇವು ಪ್ರೋಥ್ಯಾಲಸ್‌ಗಳು, ಕಿರುಬೆರಳ ಉಗುರಿಗಿಂತ ಚಿಕ್ಕವು. ಪಾಚಿ ಬಂತೆಂದು ಕೆರೆದು ಎಸೆಯುವುದು ಈ ಹಂತದಲ್ಲೇ. ಇವುಗಳ ಅಡಿಯಲ್ಲಿ ಗಂಡುಕಣಗಳು ಹೆಣ್ಣುಕಣದ ಬಳಿಗೆ ನೀರಿನಲ್ಲಿ ಈಜಿಕೊಂಡೇ ಹೋಗಬೇಕು. ಆದ್ದರಿಂದ ಕುದಿಸಿ ಆರಿಸಿದ ನೀರನ್ನು ಆಗಾಗ ಮಂಜಿನಂತೆ ಚಿಮುಕಿಸಿ. ಕೂಟವಾದ ಮೇಲೆ ಹೃದಯದ ಸೀಳಿನ ಬಳಿಯಿಂದ ಮೊದಲ ಪುಟ್ಟ ಎಲೆ ಏಳುತ್ತದೆ. ಅದು ತಾಯಿಗಿಡದ ಎಲೆಯಂತೆ ಸ್ವಲ್ಪವೂ ಇರುವುದಿಲ್ಲ, ಗಾಬರಿಯಾಗಬೇಡಿ. ಎರಡು ಮೂರು ಎಲೆ ಬಂದಾಗ ಸಣ್ಣ ಗುಂಪುಗಳಾಗಿ ಎತ್ತಿ ಬೇರೆ ಕುಂಡಕ್ಕೆ ಹಾಕಿ, ಮು‌ಚ್ಚಳವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತ ಹೊರಗಿನ ಗಾಳಿಗೆ ಒಗ್ಗಿಸಿ. ನೆಲಕ್ಕೆ ಇಳಿಸುವಷ್ಟು ಆಗಲು ಒಂದೆರಡು ವರ್ಷ ಹಿಡಿಯುತ್ತದೆ.

ಅಷ್ಟು ತಾಳ್ಮೆ ಇಲ್ಲದವರಿಗೆ ಅಡ್ಡದಾರಿಯೂ ಇದೆ. ಅಡಿಯಾಂಟಂ ಕಾಡೇಟಂನ ಎಲೆತುದಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಮರಿಯಾಗುತ್ತದೆ. ತುದಿಯನ್ನು ಒಂದು ಕಲ್ಲಿನಿಂದ ಒತ್ತಿಟ್ಟರೆ ಸಾಕು. ಆಸ್ಪ್ಲೀನಿಯಂ ಬಲ್ಬಿಫೆರಂನಲ್ಲಿ ಎಲೆಯ ಮೇಲೆಯೇ ಮರಿಗಳು ಹುಟ್ಟುತ್ತವೆ. ಹರಿಯುವ ಕಾಂಡದವನ್ನು ತುದಿಮೊಗ್ಗಿರುವ ತುಂಡುಗಳಾಗಿ ಕತ್ತರಿಸಿ ಬೇರ್ಪಡಿಸಬಹುದು. ಒಂದೇ ನೆತ್ತಿಯ ಗಿಡವನ್ನು ಮಾತ್ರ ಎರಡು ಸೀಳು ಮಾಡಲು ಹೋಗಬೇಡಿ.

ಸ್ಥಳೀಯವೆಂದು ನಂಬಿ ನೆಟ್ಟದ್ದು ಆಮೇಲೆ ಹೊರಗಿನದೆಂದು ತಿಳಿದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಸೋರಸ್ ಬಲಿಯುವ ಮೊದಲೇ ಎಲೆಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ. ಬಲಿತಿದ್ದರೆ ಎಲೆ ಒದ್ದೆ ಇರುವಾಗ ಕತ್ತರಿಸಿ, ಒಣ ಹವೆಯಲ್ಲಿ ಬೇಡ. ಅಲುಗಿಸಿದಷ್ಟೂ ಕಣ ಹಾರುತ್ತದೆ. ನಂತರ ಕಾಂಡ ಮತ್ತು ಗಡ್ಡೆಗಳನ್ನು ಮಣ್ಣು ಜರಡಿ ಹಿಡಿದು ಹೆಕ್ಕಿ ತೆಗೆಯಿರಿ. ಅವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲಿಂದಲೇ ಮತ್ತೆ ಚಿಗುರುತ್ತವೆ.